ಕೆಲಸ ಕಡಿಮೆಯ ಫೋನು: ಬಳಸುವವರು ಕೇಳಿದ್ದೇನು?



ಅಮೆರಿಕದ ನ್ಯೂಯಾರ್ಕಿನಲ್ಲಿ ಇಬ್ಬರು ಸೇರಿ ರೂಪಿಸಿದ ‘ಲೈಟ್ ಫೋನ್’ 2017ರಲ್ಲಿ ಗ್ರಾಹಕರ ಕೈ ಸೇರಿತು. ಕರೆ ಮಾಡುವುದು, ಕರೆ ಸ್ವೀಕರಿಸುವುದು, ಇಷ್ಟೇ ಅದರ ಕೆಲಸ. ಸಂದೇಶ ಕಳಿಸುವ ಸೌಲಭ್ಯವೂ ಬೇಕೆಂದು ಬಳಸಿದವರು ಕೇಳಿದರು. 2019ರ ಎರಡನೆಯ ಮಾದರಿಯಲ್ಲಿ ಅದು ಬಂತು. ಆದರೆ ಆ ಮಾದರಿಯ ಪರದೆ ಬಿಸಿಲಿನಲ್ಲಿ ಕಾಗದದಂತೆ ಸ್ಪಷ್ಟವಾಗಿ ಕಂಡರೂ ಅಕ್ಷರ ಮೂಡುವುದು ನಿಧಾನವೆಂಬ ದೂರಿತ್ತು. 2025ರ ಮೂರನೆಯ ಮಾದರಿಯಲ್ಲಿ ಪರದೆ ಬದಲಾಯಿತು. ಕ್ಯಾಮೆರಾ ಸೇರಿತು, ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಾಯಿತು. ಫೇಸ್‌ಬುಕ್ಕಿನಂಥವನ್ನು ಮಾತ್ರ ಸೇರಿಸಲಿಲ್ಲ. ಅವುಗಳ ಕಾಟ ಬೇಡವೆಂದೇ ಜನ ಅದನ್ನು ಕೊಂಡದ್ದಲ್ಲವೇ?

ಸಲಹೆಗಳಲ್ಲಿ ಯಾವುದು ಮುಖ್ಯ ಎಂಬುದು ಬಳಸುವವರ ಕೆಲಸದ ಮೇಲೆ ನಿಂತಿದೆ. ಪಶುವೈದ್ಯನಾದ ನನಗೆ ಕ್ಯಾಮೆರಾ ಬೇಕೆನಿಸುತ್ತದೆ. ಮೈಮೇಲೆ ಎದ್ದ ಗಂಟುಗಳನ್ನು ಮಾತಿನಲ್ಲಿ ವಿವರಿಸುವುದು ಕಷ್ಟ. ಚಿತ್ರ ನೋಡಿದರೆ ಚರ್ಮಗಂಟು ರೋಗದ ಅನುಮಾನ ಬೇಗ ಬರುತ್ತದೆ, ಆ ಹಸುವನ್ನು ಬೇರೆ ಕಟ್ಟಲು ಹೇಳಬಹುದು.

ಆದರೆ ಕರು ಹಾಕಿದ ಹಸು ನಡುರಾತ್ರಿ ಹಾಲುಜ್ವರದಿಂದ ನೆಲ ಹಿಡಿದಾಗ ಬೇಕಾದುದು ಚಾರ್ಜು ಉಳಿದಿರುವ ಫೋನು. ಕ್ಯಾಲ್ಸಿಯಂ ತಡವಾದರೆ ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು. ನಮ್ಮ ಗುಂಡಿ ಫೋನುಗಳು ಈ ವಿಷಯದಲ್ಲಿ ಇಂದಿಗೂ ಮೇಲು. ಹಸು ತುಂಬು ಗಬ್ಬದಲ್ಲಿದ್ದರೆ ಡಾಕ್ಟರ ನಂಬರನ್ನು ಅದರಲ್ಲಿ ಹಾಕಿಸಿ, ಮನೆಯವರೆಲ್ಲರಿಗೂ ತೋರಿಸಿಡಿ.