ಕಂಪ್ಯೂಟರಿಗೂ ಗಾಳಿಯಾಡಬೇಕು

ಮನೆಯ ಕಂಪ್ಯೂಟರಿಗೆ ಧೂಳು ತಾಗದಿರಲಿ ಎಂದು ನೀವು ಬಟ್ಟೆ ಹೊದಿಸಿದ್ದೀರಾ? ನಾನೂ ಹೊದಿಸಿದ್ದೆ. ಹಳೆಯ ಸೀರೆ ಕತ್ತರಿಸಿ, ಅಂಚಿಗೆ ಲೇಸ್ ಇಟ್ಟು, ಸಿಪಿಯು ಪೆಟ್ಟಿಗೆಯ ಅಳತೆಗೆ ಸರಿಯಾಗಿ ಹೊಲಿದ ಕವರ್ ಅದು. ಮಕ್ಕಳು ಕೆಲಸ ಮಾಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

ಮಗಳು ಕಾಲೇಜಿಗೆ ಪ್ರಾಜೆಕ್ಟ್ ಒಪ್ಪಿಸಬೇಕಾಗಿದ್ದ ಹಿಂದಿನ ರಾತ್ರಿ ಕಂಪ್ಯೂಟರ್ ತಾನಾಗಿಯೇ ಆಫ್ ಆಗತೊಡಗಿತು. ಮತ್ತೆ ಹಾಕಿದರೆ ಹತ್ತು ನಿಮಿಷ, ಮತ್ತೆ ಆಫ್. ಸೇವ್ ಮಾಡದ ಪುಟಗಳೆಲ್ಲ ಹೋದವು. ಅವಳು ಅಳುತ್ತಾ ಕುಳಿತಳು. ಮರುದಿನ ರಿಪೇರಿಯವರೊಬ್ಬರು, ಮದರ್‌ಬೋರ್ಡೇ ಬದಲಿಸಬೇಕು ಎಂದರು. ಸಂಜೆ ನನ್ನ ತಮ್ಮ ಬಂದು ಪೆಟ್ಟಿಗೆಯ ಬದಿಯ ಮುಚ್ಚಳ ಬಿಚ್ಚಿದ. ಒಳಗಿನ ಫ್ಯಾನಿನ ಕೆಳಗೆ ದಿಂಬಿನ ಹತ್ತಿಯಂತೆ ಧೂಳು ಗಟ್ಟಿಯಾಗಿ ಕುಳಿತಿತ್ತು. ಅದನ್ನು ತೆಗೆದ ಮೇಲೆ ಯಂತ್ರ ಮೊದಲಿನಂತೆ ನಡೆಯಿತು. ಖರ್ಚಾದದ್ದು ಒಂದು ಪೇಂಟ್ ಬ್ರಷ್ ಮಾತ್ರ.

ಧೂಳು ಏನು ಮಾಡುತ್ತದೆ?

ಕಂಪ್ಯೂಟರಿನ ಪ್ರೊಸೆಸರ್ ಕೆಲಸ ಮಾಡುವಾಗ ಬಹಳ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೀರಲು ಅದರ ಮೇಲೆ ಲೋಹದ ತೆಳು ಪಟ್ಟಿಗಳಿರುವ ಹೀಟ್ ಸಿಂಕ್, ಅದರ ಮೇಲೊಂದು ಫ್ಯಾನ್ ಇರುತ್ತದೆ. ಫ್ಯಾನ್ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಪಟ್ಟಿಗಳ ನಡುವೆ ಧೂಳು ತುಂಬಿದರೆ ಯಂತ್ರಕ್ಕೆ ಕಂಬಳಿ ಹೊದಿಸಿದಂತೆ. ಆಗ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸುತ್ತದೆ, ಬಿಸಿ ಇನ್ನೂ ಏರಿದರೆ ಸುಟ್ಟುಹೋಗದಂತೆ ಯಂತ್ರವೇ ಆಫ್ ಆಗುತ್ತದೆ. ಆದ್ದರಿಂದ ಕಂಪ್ಯೂಟರ್ ನಿಧಾನವಾದಾಗಲೆಲ್ಲ ವೈರಸ್ ಎಂದು ಭಾವಿಸಬೇಡಿ. ಮಳೆಗಾಲದ ತೇವ ಸೇರಿದರೆ ಈ ಧೂಳು ಅಂಟಾಗಿ ಬೋರ್ಡಿಗೂ ಹಾನಿ ಮಾಡಬಹುದು.

ಎಲ್ಲಿಡಬೇಕು?

ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ. ಗುಡಿಸುವಾಗ ಏಳುವ ಧೂಳೆಲ್ಲ ಅದರೊಳಗೆ ಹೋಗುತ್ತದೆ. ಮೇಜಿನ ಮೇಲೆ ಅಥವಾ ಒಂದು ಸ್ಟೂಲಿನ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರವಿರಲಿ. ಹೊಲಿಗೆ ಯಂತ್ರವಿರುವ ಕೋಣೆಯಲ್ಲಿ ಬಟ್ಟೆಯ ನೂಲು, ಹತ್ತಿ ಹಾರುತ್ತಿರುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಒಗ್ಗರಣೆಯ ಹೊಗೆ, ಲೋಬಾನದ ಹೊಗೆ ಫ್ಯಾನಿನ ರೆಕ್ಕೆಗೆ ಜಿಡ್ಡಾಗಿ ಅಂಟಿದರೆ ಧೂಳು ಇನ್ನಷ್ಟು ಹಿಡಿಯುತ್ತದೆ. ಕವರ್ ಹಾಕಿ, ಆದರೆ ಯಂತ್ರ ಆಫ್ ಮಾಡಿ ತಣಿದ ಮೇಲೆ. ಆನ್ ಮಾಡುವ ಮೊದಲು ಮರೆಯದೆ ತೆಗೆಯಿರಿ.

ಶುಚಿ ಮಾಡುವುದು ಹೇಗೆ?

ಮೂರು ತಿಂಗಳಿಗೊಮ್ಮೆ ಸಾಕು. ಮಣ್ಣುರಸ್ತೆಯ ಬದಿಯ ಮನೆಯಾದರೆ ತಿಂಗಳಿಗೊಮ್ಮೆ ನೋಡಿ. ವಾರಂಟಿಯ ಸೀಲ್ ಇದ್ದರೆ ಮಾತ್ರ ನೀವೇ ಬಿಚ್ಚಬೇಡಿ, ಮಾರಿದವರನ್ನು ಕರೆಯಿರಿ.

ಮೊದಲು ಶಟ್‌ಡೌನ್ ಮಾಡಿ ಪ್ಲಗ್ ಕಿತ್ತುಬಿಡಿ. ಪೆಟ್ಟಿಗೆಯನ್ನು ಜಗಲಿಗೆ ತನ್ನಿ. ಮೂಗಿಗೆ ದುಪಟ್ಟಾ ಕಟ್ಟಿಕೊಳ್ಳಿ. ಮನೆಯಲ್ಲಿ ದಮ್ಮು ಇರುವವರು ಹತ್ತಿರ ಬರುವುದು ಬೇಡ. ಮುಚ್ಚಳ ತೆಗೆದು, ಒಳಗೆ ಕೈ ಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ನಮ್ಮ ಮೈಯಲ್ಲಿ ಸೇರಿರುವ ಸ್ಥಿರ ವಿದ್ಯುತ್ತು ಚಿಪ್‌ಗಳನ್ನು ಕೆಡಿಸಬಲ್ಲದು. ನಂತರ ಒಣಗಿದ ಮೆತ್ತನೆಯ ಬ್ರಷ್‌ನಿಂದ ಧೂಳನ್ನು ಹಗುರವಾಗಿ ಸಡಿಲಿಸಿ. ಬ್ಲೋವರ್ ಇದ್ದರೆ ತುಸು ದೂರದಿಂದ ಗಾಳಿ ಬಿಡಿ, ಆಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಇವುಗಳನ್ನು ಮಾತ್ರ ಮಾಡಬೇಡಿ: ಬಾಯಿಯಿಂದ ಊದಬೇಡಿ, ಎಂಜಲಿನ ತೇವ ಬೋರ್ಡಿನ ಮೇಲೆ ಬೀಳುತ್ತದೆ. ಒಳಗೆ ಒದ್ದೆ ಬಟ್ಟೆ ತಾಗಿಸಬೇಡಿ. ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಎಂದೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಪರದೆಗೆ ಗಾಜು ಒರೆಸುವ ದ್ರಾವಣ ಸಿಂಪಡಿಸಬೇಡಿ. ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ತುಸುವೇ ತೇವ ಮಾಡಿ ಒರೆಸಿದರೆ ಸಾಕು. ಕೀಬೋರ್ಡನ್ನು ಕವುಚಿ ಮೆಲ್ಲಗೆ ತಟ್ಟಿ. ಒಳಗಿನಿಂದ ಉದುರುವ ಬಿಸ್ಕತ್ ಪುಡಿ ನೋಡಿದರೆ, ಮಕ್ಕಳು ಪಾಠದ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ನಿಮಗೇ ತಿಳಿಯುತ್ತದೆ!

ಇಷ್ಟಾದರೂ ಯಂತ್ರ ತಾನಾಗಿ ಆಫ್ ಆದರೆ ಫ್ಯಾನ್ ಕೆಟ್ಟಿರಬಹುದು, ಅಥವಾ ಪ್ರೊಸೆಸರಿಗೆ ಹಚ್ಚಿದ ಪೇಸ್ಟ್ ಒಣಗಿರಬಹುದು. ಆಗ ತಿಳಿದವರಿಗೆ ತೋರಿಸಿ. ಆದರೆ ದೊಡ್ಡ ಖರ್ಚಿಗೆ ಒಪ್ಪುವ ಮುನ್ನ, ಮುಚ್ಚಳ ತೆಗೆದು ಒಳಗೆ ಏನಿದೆ ಎಂದು ನಿಮ್ಮ ಕಣ್ಣಾರೆ ನೋಡಿಕೊಳ್ಳಿ.

ರಮಝಾನಿಗೆ ಮುನ್ನ ಮನೆಯ ಜೇಡರ ಬಲೆ ತೆಗೆದು, ಫ್ಯಾನಿನ ರೆಕ್ಕೆ ಒರೆಸುತ್ತೀರಲ್ಲ, ಈ ಬಾರಿ ಆ ಪುಟ್ಟ ಫ್ಯಾನನ್ನೂ ಮರೆಯಬೇಡಿ. ನನ್ನ ಲೇಸಿನ ಕವರ್ ಈಗಲೂ ಇದೆ. ಆದರೆ ಅದನ್ನು ಹೊದಿಸುವುದು ರಾತ್ರಿ ಮಾತ್ರ, ಎಲ್ಲರೂ ಕೆಲಸ ಮುಗಿಸಿ ಎದ್ದ ಮೇಲೆ.