ದೂರಮಾಪನ: ಮಳೆಹನಿಯ ಲೆಕ್ಕ ಕೇಂದ್ರವನ್ನು ಸೇರುವ ಬಗೆ

ಮಳೆಯನ್ನು ಅಳೆಯುವ ಕಾರ್ಯ ಭಾರತೀಯರಿಗೆ ಹೊಸದಲ್ಲ. ಕೋಷ್ಠಾಗಾರದಲ್ಲಿ ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನಿರಿಸಿ ಮಳೆಯ ಪ್ರಮಾಣವನ್ನು ಅರಿಯಬೇಕೆಂಬ ವಿಧಿ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿಯೇ ಉಂಟು. ಆದರೆ ಅಳೆದ ಲೆಕ್ಕವು ಸಕಾಲದಲ್ಲಿ ತಲುಪದಿದ್ದರೆ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಬೆಳಿಗ್ಗೆ 8-30ಕ್ಕೆ ಮಳೆಮಾಪಕವನ್ನು ನೋಡಿ ಬರೆದಿಡುವ ಅಂಕಿಯು, ಹಿಂದಿನ ನಡುರಾತ್ರಿ ಉಕ್ಕಿದ ಹಳ್ಳದ ದಡದ ಊರನ್ನು ಎಚ್ಚರಿಸಲಾರದು. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕವನ್ನು ಮುತ್ತಿದ ನೆರೆಯನ್ನು ಕಂಡವರಿಗೆ ಒಂದೊಂದು ಗಂಟೆಯ ಬೆಲೆ ತಿಳಿದಿದೆ. ಉಪಕರಣವಿರುವೆಡೆಗೆ ಹೋಗದೆಯೇ ಅದರ ಅಳತೆಯನ್ನು ಪಡೆಯುವ ವಿದ್ಯೆಗೆ ‘ದೂರಮಾಪನ’ವೆಂದು ಹೆಸರು.

ದೂರಮಾಪಕ ಮಳೆಯಂತ್ರದ ಆಲಿಕೆಯ ಕೆಳಗೆ ತಕ್ಕಡಿಯ ತಟ್ಟೆಗಳಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ನಿಗದಿಯಾದಷ್ಟು ನೀರು ತುಂಬಿದೊಡನೆ ಒಂದು ಬಟ್ಟಲು ವಾಲಿ ನೀರನ್ನು ಚೆಲ್ಲುತ್ತದೆ. ಮತ್ತೊಂದು ಅದರ ಸ್ಥಾನಕ್ಕೆ ಬರುತ್ತದೆ. ಹಾಗೆ ವಾಲಿದಾಗಲೆಲ್ಲ ಅಯಸ್ಕಾಂತವೊಂದು ವಿದ್ಯುತ್ ಸ್ವಿಚ್ಚನ್ನು ಕ್ಷಣಮಾತ್ರ ಮುಚ್ಚುತ್ತದೆ. ಈ ಮಿಡಿತಗಳನ್ನು ಎಣಿಸಿ, ವೇಳೆಯೊಡನೆ ದಾಖಲಿಸಿಕೊಳ್ಳುವ ಸಾಧನವೇ ಡೇಟಾ ಲಾಗರ್. ಬಿಸಿಲಿನಿಂದ ತುಂಬುವ ಬ್ಯಾಟರಿ ಇದಕ್ಕೆ ಶಕ್ತಿಯನ್ನು ಒದಗಿಸುತ್ತದೆ.

ಈ ದಾಖಲೆಯು ಕೇಂದ್ರವನ್ನು ಸೇರಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು ರೇಡಿಯೋ. ಇದಕ್ಕೆ ಬಾಡಿಗೆಯ ಜಾಲ ಬೇಕಿಲ್ಲ. ಆದರೆ ನಡುವೆ ಗುಡ್ಡ ಅಡ್ಡಬಂದರೆ ಅದರ ನೆತ್ತಿಯ ಮೇಲೆ ಮರುಪ್ರಸಾರಕವನ್ನು ನಿಲ್ಲಿಸಬೇಕಾಗುತ್ತದೆ. ಎರಡನೆಯದು ಮೊಬೈಲ್ ದೂರವಾಣಿಯ ಜಾಲ. ಇದು ಅಗ್ಗ, ಸುಲಭ; ಆದರೆ ಬಿರುಮಳೆಯಲ್ಲಿ ಗೋಪುರದ ವಿದ್ಯುತ್ತು ಕಡಿದರೆ ಮಾತು ನಿಲ್ಲುತ್ತದೆ. ಮೂರನೆಯದು ಉಪಗ್ರಹ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್ ಮಾಲೆಯ ಉಪಗ್ರಹಗಳು, ಕಾಡುಮೇಡುಗಳ ಯಂತ್ರಗಳು ಕಳುಹಿಸುವ ಸಂಕೇತಗಳನ್ನು ಸ್ವೀಕರಿಸಿ ಭೂಕೇಂದ್ರಕ್ಕೆ ಮರಳಿಸುತ್ತವೆ. ಯಾವ ಮಾರ್ಗವಾದರೂ ಸರಿ, ಲಾಗರಿನಲ್ಲಿ ಪ್ರತಿಯೊಂದು ಉಳಿದಿರುವುದು ಅಗತ್ಯ. ದಾರಿ ತಪ್ಪಿದ ಲೆಕ್ಕವನ್ನು ಆಗ ಮತ್ತೆ ಪಡೆಯಬಹುದು.

1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಮಿಕ್ಕಿದ ಇಂತಹ ಮಳೆಮಾಪಕಗಳನ್ನು ಸ್ಥಾಪಿಸಿ, 15 ನಿಮಿಷಕ್ಕೊಮ್ಮೆ ವರದಿ ಪಡೆಯುವ ವ್ಯವಸ್ಥೆಯನ್ನು ರೂಪಿಸಿತು.

ಇಲ್ಲಿ ಮರೆಯಬಾರದ ಸೂಕ್ಷ್ಮವೊಂದುಂಟು. ‘ಮಳೆ ಸೊನ್ನೆ’ ಎಂಬ ವರದಿ ಬೇರೆ, ವರದಿಯೇ ಬಾರದಿರುವುದು ಬೇರೆ. ಮೌನವನ್ನು ಸೊನ್ನೆಯೆಂದು ಬರೆದರೆ ನೆರೆಯ ಊರು ಬರದ ಊರೆನಿಸೀತು. ಇನ್ನೂ ಅಪಾಯಕರವಾದುದು ಸುಳ್ಳು ಸೊನ್ನೆ: ಆಲಿಕೆಯಲ್ಲಿ ಒಣಗಿದ ಎಲೆಯೋ ಹಕ್ಕಿಯ ಗೂಡೋ ಸಿಲುಕಿದರೆ, ಧಾರಾಕಾರ ಮಳೆಯಲ್ಲಿಯೂ ಯಂತ್ರವು ಸೊನ್ನೆಯನ್ನೇ ಕಳುಹಿಸುತ್ತದೆ. ಆದ್ದರಿಂದ ನೆರೆಹೊರೆಯ ಮಾಪಕಗಳೊಡನೆ ಅಂಕಿಯನ್ನು ಹೋಲಿಸಬೇಕು. ಯಾರಾದರೊಬ್ಬರು ಹೋಗಿ ಆಲಿಕೆಯನ್ನು ಶುಚಿಗೊಳಿಸಬೇಕು.

ದೂರದ ಸುದ್ದಿಯನ್ನು ಯಂತ್ರ ತರಬಲ್ಲದು. ಅದರ ಸತ್ಯವನ್ನು ಕಾಯುವವನು ಮನುಷ್ಯನೇ. ಆ ಆಲಿಕೆಯನ್ನು ಒರೆಸಿಡುವವನದೂ ಊರನ್ನುಳಿಸುವ ಕಾಯಕವೇ ಸರಿ.