ಆಕ್ಸ್‌ಫರ್ಡಿನ ಇಂಕ್ಲಿಂಗ್ಸ್: ಕ್ರೈಸ್ತ ನಂಬಿಕೆ ಮತ್ತು ಅದ್ಭುತಕಥನ

ಮಾಟಗಾರರು, ಕುಬ್ಜರು, ಮಾತನಾಡುವ ಮೃಗಗಳು, ಯಾವ ಭೂಪಟದಲ್ಲಿಯೂ ಕಾಣದ ನಾಡುಗಳು ತುಂಬಿಕೊಂಡಿರುವ ಅದ್ಭುತಕಥನವನ್ನು, ಅಂದರೆ ಇಂದು ಫ್ಯಾಂಟಸಿ ಎಂದೇ ಎಲ್ಲರೂ ಕರೆಯುವ ಸಾಹಿತ್ಯ ಪ್ರಕಾರವನ್ನು, ಕ್ರೈಸ್ತರಲ್ಲಿ ಒಂದು ವರ್ಗ ಅನುಮಾನದಿಂದಲೇ ನೋಡುತ್ತ ಬಂದಿದೆ. ಬೈಬಲಿನ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಮಾಟ, ಕಣಿ ಹಾಗೂ ಸತ್ತವರನ್ನು ವಿಚಾರಿಸುವ ವಿದ್ಯೆಗಳನ್ನು ಸ್ಪಷ್ಟವಾಗಿ ನಿಷೇಧಿಸಿರುವುದರಿಂದ, ಇಂಥವುಗಳನ್ನು ಕಥೆಯಲ್ಲಿ ತಂದು ರಂಜಿಸುವುದು ಸರಿಯೇ ಎಂಬ ಪ್ರಶ್ನೆ ಅವರ ನಡುವೆ ಏಳುವುದು ಸಹಜವೇ ಆಗಿದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಕಾರಕ್ಕೆ ಇಂದಿನ ರೂಪವನ್ನು ಕೊಟ್ಟವರಲ್ಲಿ ಪ್ರಮುಖರಾದ ಜೆ. ಆರ್. ಆರ್. ಟೋಲ್ಕಿನ್ ಮತ್ತು ಸಿ. ಎಸ್. ಲೂಯಿಸ್ ಇಬ್ಬರೂ ಶ್ರದ್ಧಾವಂತ ಕ್ರೈಸ್ತರಾಗಿದ್ದರು, ಮತ್ತು ಇಬ್ಬರೂ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಬರೆದವರು. ಅವರ ಬರವಣಿಗೆಗೆ ಎರಡು ಆಸರೆಗಳಿದ್ದವು: ಕಲ್ಪನೆಗೂ ನಂಬಿಕೆಗೂ ವೈರವಿಲ್ಲವೆಂದು ತೋರಿಸಿಕೊಟ್ಟ ಒಂದು ವಿಚಾರಸರಣಿ, ಮತ್ತು ಬರೆದದ್ದನ್ನು ವಾರವಾರವೂ ಕುಳಿತು ಕೇಳಿದ ‘ಇಂಕ್ಲಿಂಗ್ಸ್’ ಎಂಬ ಗೆಳೆಯರ ಬಳಗ.

ವಿಚಾರಸರಣಿಯ ಮೂಲವನ್ನು 1931ರ ಸೆಪ್ಟೆಂಬರ್ 19ರ ರಾತ್ರಿ ಮಾಡ್ಲಿನ್ ಕಾಲೇಜಿನ ಆವರಣದಲ್ಲಿ ನಡೆದ ಒಂದು ಮಾತುಕತೆಯಲ್ಲಿ ಗುರುತಿಸುವುದು ವಾಡಿಕೆ. ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನಂಬಿಕೆ ಕಳೆದುಕೊಂಡಿದ್ದ ಲೂಯಿಸ್ ಆ ಹೊತ್ತಿಗೆ ದೇವರಿದ್ದಾನೆಂದು ಒಪ್ಪಿದ್ದರೂ ಕ್ರಿಸ್ತನ ಕಥೆಯನ್ನು ಒಪ್ಪಲಾರದೆ ಇದ್ದರು. ಪುರಾಣಗಳು ಎಷ್ಟೇ ಸುಂದರವಾಗಿದ್ದರೂ ಸುಳ್ಳೇ ಎಂಬುದು ಅವರ ವಾದವಾಗಿತ್ತು. ಬಾಲ್ಯದಿಂದಲೂ ಕ್ಯಾಥೊಲಿಕರಾಗಿದ್ದ ಟೋಲ್ಕಿನ್, ತಮ್ಮೊಡನಿದ್ದ ಹ್ಯೂಗೊ ಡೈಸನ್ ಎಂಬ ಗೆಳೆಯರ ಜೊತೆಗೂಡಿ, ಜನಾಂಗಗಳ ಪುರಾಣಗಳಲ್ಲಿ ಸತ್ಯದ ಚೂರುಗಳು ಹೊಳೆಯುತ್ತವೆ, ಕ್ರಿಸ್ತನ ಕಥೆ ಪುರಾಣದಂತೆಯೇ ಮನಸ್ಸನ್ನು ತಟ್ಟುತ್ತದೆ, ವ್ಯತ್ಯಾಸವೆಂದರೆ ಅದು ಚರಿತ್ರೆಯಲ್ಲಿ ನಿಜವಾಗಿ ನಡೆದುಹೋಯಿತು ಎಂದು ವಾದಿಸಿದರು. ಕೆಲವೇ ದಿನಗಳಲ್ಲಿ ಲೂಯಿಸ್ ಕ್ರೈಸ್ತ ನಂಬಿಕೆಗೆ ಮರಳಿದರು. ಪುರಾಣವನ್ನು ಸುಳ್ಳೆಂದು ತಳ್ಳಿಹಾಕದೆಯೇ ಶುಭಸಂದೇಶವನ್ನು ನಂಬಬಹುದೆಂಬ ಈ ನಿಲುವು ಮುಂದೆ ಅವರಿಬ್ಬರ ಕಥನಕ್ಕೂ ತಳಪಾಯವಾಯಿತು.

ಅದನ್ನೇ ಟೋಲ್ಕಿನ್ 1939ರ ಮಾರ್ಚ್ ತಿಂಗಳಲ್ಲಿ ಸ್ಕಾಟ್‌ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಯಕ್ಷಿಣಿ ಕಥೆಗಳನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ ಶಾಸ್ತ್ರೀಯವಾಗಿ ಬೆಳೆಸಿದರು. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ಆದಿಕಾಂಡ ಹೇಳುತ್ತದೆ. ಸೃಷ್ಟಿಕರ್ತನ ಸ್ವರೂಪ ಪಡೆದವನಿಗೆ ತಾನೂ ಏನನ್ನಾದರೂ ಸೃಷ್ಟಿಸಬೇಕೆಂಬ ತುಡಿತ ಇರುವುದು ಸಹಜ, ಅಷ್ಟೇ ಅಲ್ಲ, ಅದು ಅವನ ಹಕ್ಕು ಎಂಬುದು ಟೋಲ್ಕಿನ್ನರ ತರ್ಕ. ದೇವರಂತೆ ಶೂನ್ಯದಿಂದ ಏನನ್ನೂ ಉಂಟುಮಾಡಲಾಗದ ಮನುಷ್ಯ, ಹುಲ್ಲಿನ ಹಸಿರನ್ನೋ ರಕ್ತದ ಕೆಂಪನ್ನೋ ಮನಸ್ಸಿನಲ್ಲಿ ಬೇರ್ಪಡಿಸಿ ಮತ್ತೊಂದರ ಮೇಲೆ ಇಟ್ಟು ಹೊಸದೊಂದನ್ನು ಕಟ್ಟಬಲ್ಲ. ಇದನ್ನು ಅವರು ‘ಉಪಸೃಷ್ಟಿ’ ಎಂಬರ್ಥದ ಮಾತಿನಿಂದ ಕರೆದರು. ಹೀಗೆ ಕಟ್ಟಿದ ಲೋಕಕ್ಕೆ ತನ್ನದೇ ನಿಯಮಗಳಿರಬೇಕು, ಆ ನಿಯಮಗಳನ್ನು ಲೇಖಕ ತಾನೇ ಮುರಿಯಬಾರದು. ಮುರಿದರೆ ಓದುಗನ ನಂಬಿಕೆ ಕಳಚಿಬೀಳುತ್ತದೆ. ಎಲ್ಲ ಆಸೆಯೂ ಬತ್ತಿದ ಕ್ಷಣದಲ್ಲಿ ಕಥೆ ಇದ್ದಕ್ಕಿದ್ದಂತೆ ಮಂಗಳದ ಕಡೆಗೆ ತಿರುಗುವುದನ್ನು ಇಂಥ ಕಥೆಗಳ ಅತ್ಯುನ್ನತ ಗುಣವೆಂದು ಎಣಿಸಿದ ಟೋಲ್ಕಿನ್, ಮನುಷ್ಯ ಚರಿತ್ರೆಯಲ್ಲಿ ಅಂಥ ತಿರುವು ಕ್ರಿಸ್ತನ ಜನನವೆಂದೂ, ಕ್ರಿಸ್ತನ ಬದುಕಿನಲ್ಲಿ ಅದು ಪುನರುತ್ಥಾನವೆಂದೂ ಹೇಳಿದರು. ಅದ್ಭುತಕಥನದ ಪರವಾಗಿ ಕ್ರೈಸ್ತ ಲೇಖಕರೊಬ್ಬರು ಮಂಡಿಸಿದ ಇಷ್ಟು ಗಟ್ಟಿಯಾದ ಸಮರ್ಥನೆ ಮತ್ತೊಂದು ಸಿಗುವುದು ಕಷ್ಟ.

ಆದರೆ ನಂಬಿಕೆ ಕಥೆಯೊಳಗೆ ಹೇಗೆ ಬರಬೇಕೆಂಬ ವಿಷಯದಲ್ಲಿ ಇಬ್ಬರ ದಾರಿಗಳು ಬೇರೆಯಾದವು. ಕ್ರೈಸ್ತ ಕಥನಕ್ಕೆ ಹಳೆಯ ಮಾದರಿಯೆಂದರೆ 1678ರಲ್ಲಿ ಪ್ರಕಟವಾದ ಜಾನ್ ಬನಿಯನ್ನನ ಯಾತ್ರಿಕನ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೂ ತಂದ ಈ ಕೃತಿಯಲ್ಲಿ ಪ್ರತಿಯೊಂದು ಪಾತ್ರವೂ ಊರೂ ಒಂದೊಂದು ಗುಣಕ್ಕೋ ದೋಷಕ್ಕೋ ನೇರವಾಗಿ ಸಂಕೇತವಾಗಿ ನಿಲ್ಲುತ್ತದೆ. ಅನ್ಯೋಕ್ತಿ ಎನಿಸಿಕೊಳ್ಳುವ ಈ ವಿಧಾನ ಟೋಲ್ಕಿನ್ನರಿಗೆ ಹಿಡಿಸುತ್ತಿರಲಿಲ್ಲ. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯಲ್ಲಿ ಚರ್ಚಿಲ್ಲ, ಪಾದ್ರಿಯಿಲ್ಲ, ಕ್ರಿಸ್ತನ ಹೆಸರಂತೂ ಇಲ್ಲವೇ ಇಲ್ಲ. ಹಾಗಿದ್ದೂ ಅದು ಮೂಲತಃ ಧಾರ್ಮಿಕವಾದ, ಕ್ಯಾಥೊಲಿಕ್ ಆದ ಕೃತಿಯೆಂದೂ, ಆ ಕಾರಣದಿಂದಲೇ ಮತಾಚಾರಗಳ ಪ್ರಸ್ತಾಪವನ್ನು ಹೊರಗಿಟ್ಟಿದ್ದಾಗಿಯೂ ಅವರು 1953ರ ಪತ್ರವೊಂದರಲ್ಲಿ ವಿವರಿಸಿದ್ದಾರೆ. ಕಥೆಯ ಕೇಂದ್ರದಲ್ಲಿರುವ ದುಷ್ಟ ಉಂಗುರ ನಾಶವಾಗುವ ದಿನ ಮಾರ್ಚ್ 25, ಅಂದರೆ ಕನ್ಯಾಮರಿಯಮ್ಮನಿಗೆ ದೇವದೂತನು ಮಂಗಳವಾರ್ತೆ ತಿಳಿಸಿದ ಹಬ್ಬದ ದಿನ. ಉಂಗುರವನ್ನು ಹೊತ್ತ ತಂಡ ರಿವೆಂಡೆಲ್ ಎಂಬಲ್ಲಿಂದ ಹೊರಡುವುದು ಡಿಸೆಂಬರ್ 25ರಂದು. ಇದನ್ನು ಗಮನಿಸದೆಯೇ ಪುಸ್ತಕವನ್ನು ಆನಂದದಿಂದ ಓದಿ ಮುಗಿಸಬಹುದು.

ಲೂಯಿಸರ ನಾರ್ನಿಯಾ ಕಥೆಗಳಲ್ಲಿ, 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದ ಏಳು ಪುಸ್ತಕಗಳಲ್ಲಿ, ಅಸ್ಲಾನ್ ಎಂಬ ಸಿಂಹ ತಪ್ಪಿತಸ್ಥ ಹುಡುಗನೊಬ್ಬನಿಗಾಗಿ ಪ್ರಾಣ ಕೊಟ್ಟು ಮತ್ತೆ ಎದ್ದುಬರುತ್ತಾನೆ, ಅವನು ಯಾರೆಂದು ಗುರುತಿಸಲು ಕ್ರೈಸ್ತ ಓದುಗರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದರೂ ಇದು ಅನ್ಯೋಕ್ತಿಯಲ್ಲ, ನಾರ್ನಿಯಾದಂಥ ಲೋಕವೊಂದಿದ್ದು ದೇವಕುಮಾರ ಅಲ್ಲಿ ಸಿಂಹವಾಗಿ ಬಂದಿದ್ದರೆ ಏನಾಗುತ್ತಿತ್ತು ಎಂಬ ಊಹೆ ಮಾತ್ರ ಎಂದು ಲೂಯಿಸ್ ಹೇಳುತ್ತಿದ್ದರು. ಕಥೆ ಹುಟ್ಟಿದ್ದು ಉಪದೇಶದಿಂದಲ್ಲ, ತಮ್ಮ ಹದಿನಾರನೆಯ ವಯಸ್ಸಿನಿಂದ ಮನಸ್ಸಿನಲ್ಲಿದ್ದ, ಹಿಮ ಬಿದ್ದ ಕಾಡಿನಲ್ಲಿ ಕೊಡೆ ಹಿಡಿದು ನಡೆಯುವ ಫಾನ್ ಎಂಬ ಆಡುಗಾಲಿನ ಜೀವಿಯ ಚಿತ್ರದಿಂದ ಎಂಬ ಅವರ ವಿವರಣೆ ಧರ್ಮಬೋಧೆಗಾಗಿ ಕಥೆ ಹೆಣೆಯಲು ಹೊರಡುವ ಲೇಖಕರು ಲಕ್ಷ್ಯ ಕೊಡಬೇಕಾದದ್ದು.

ಇನ್ನು ಎರಡನೆಯ ಆಸರೆಯಾದ ಇಂಕ್ಲಿಂಗ್ಸ್ ಬಳಗ. ಆ ಹೆಸರು ಅದರ ಸ್ವಂತದ್ದಲ್ಲ; 1930ರ ದಶಕದ ಆರಂಭದಲ್ಲಿ ವಿದ್ಯಾರ್ಥಿಗಳ ಸಂಘವೊಂದಕ್ಕಿದ್ದ ಹೆಸರು, ಆ ಸಂಘ ನಿಂತುಹೋದ ಮೇಲೆ, ಲೂಯಿಸರ ಸುತ್ತ ಸೇರುತ್ತಿದ್ದವರಿಗೆ ಉಳಿಯಿತು. ಗುರುವಾರ ರಾತ್ರಿ ಮಾಡ್ಲಿನ್ ಕಾಲೇಜಿನಲ್ಲಿದ್ದ ಲೂಯಿಸರ ಕೋಣೆಗಳಲ್ಲಿ ಹಸ್ತಪ್ರತಿಗಳ ವಾಚನ, ಮಂಗಳವಾರ ಬೆಳಿಗ್ಗೆ ಸೇಂಟ್ ಜೈಲ್ಸ್ ರಸ್ತೆಯ ‘ಈಗಲ್ ಆ್ಯಂಡ್ ಚೈಲ್ಡ್’ ಪಬ್ಬಿನಲ್ಲಿ ಹರಟೆ ನಡೆಯುತ್ತಿತ್ತು. ಪದಾಧಿಕಾರಿಗಳಾಗಲಿ ನಿಯಮಾವಳಿಯಾಗಲಿ ಇರಲಿಲ್ಲ. ನಂಬಿಕೆಯಲ್ಲಿಯೂ ಏಕರೂಪತೆ ಇರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು: ಟೋಲ್ಕಿನ್ ಮತ್ತು ವೈದ್ಯ ಹ್ಯಾವರ್ಡ್ ಕ್ಯಾಥೊಲಿಕರು, ಲೂಯಿಸ್ ಆಂಗ್ಲಿಕನ್ ಸಭೆಯವರು, ಓವೆನ್ ಬಾರ್‌ಫೀಲ್ಡ್ ರುಡಾಲ್ಫ್ ಸ್ಟೈನರನ ಆಧ್ಯಾತ್ಮಿಕ ದರ್ಶನದ ಅನುಯಾಯಿ, ಇನ್ನು ಕಾದಂಬರಿಕಾರ ಚಾರ್ಲ್ಸ್ ವಿಲಿಯಮ್ಸ್ ಆಂಗ್ಲಿಕನ್ನರಾಗಿದ್ದುಕೊಂಡೇ ಹಿಂದೊಮ್ಮೆ ಗೂಢಪಂಥವೊಂದರ ಸದಸ್ಯರೂ ಆಗಿದ್ದವರು. 1936ರಲ್ಲಿ ವಿಲಿಯಮ್ಸರ ಕಾದಂಬರಿಯನ್ನು ಮೆಚ್ಚಿ ಲೂಯಿಸ್ ಪತ್ರ ಬರೆದ ಹೊತ್ತಿಗೇ ಲೂಯಿಸರ ಗ್ರಂಥವನ್ನು ಮೆಚ್ಚಿ ವಿಲಿಯಮ್ಸ್ ಅವರಿಗೆ ಬರೆಯುವುದರಲ್ಲಿದ್ದರಂತೆ. ಯುದ್ಧದ ಕಾರಣ 1939ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಲಂಡನ್ ಕಚೇರಿ ಆಕ್ಸ್‌ಫರ್ಡಿಗೆ ಬಂದಾಗ, ಅಲ್ಲಿ ಸಂಪಾದಕರಾಗಿದ್ದ ವಿಲಿಯಮ್ಸ್ ಬಳಗವನ್ನು ಸೇರಿ, 1945ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಉಳಿದರು.

ಇಂಥ ಬಳಗದ ಬೆಂಬಲವೆಂದರೆ ಬರಿಯ ಹೊಗಳಿಕೆಯಾಗಿರಲಿಲ್ಲ. ಬಳಗ ರೂಪುಗೊಳ್ಳುವ ಮೊದಲೇ ಟೋಲ್ಕಿನ್ ತಮ್ಮ ದೀರ್ಘ ಕಥನಕವನವೊಂದನ್ನು ಲೂಯಿಸರಿಗೆ ಓದಲು ಕೊಟ್ಟಾಗ, ಲೂಯಿಸ್ ಅದನ್ನು ಯಾವುದೋ ಪ್ರಾಚೀನ ಹಸ್ತಪ್ರತಿಯೆಂಬಂತೆ ಭಾವಿಸಿ, ತಾವೇ ಕಲ್ಪಿಸಿಕೊಂಡ ವಿದ್ವಾಂಸರು ಪಾಠಾಂತರಗಳ ಬಗ್ಗೆ ಜಗಳವಾಡುವ ಹಾಸ್ಯದ ಟಿಪ್ಪಣಿಗಳ ರೂಪದಲ್ಲಿ ಪುಟಗಟ್ಟಲೆ ವಿಮರ್ಶೆ ಬರೆದುಕೊಟ್ಟರು. ದುರ್ಬಲ ಸಾಲುಗಳನ್ನೆಲ್ಲ ಲಿಪಿಕಾರರ ಪ್ರಮಾದಗಳೆಂದು ತೋರಿಸಿದ ಈ ಉಪಾಯಕ್ಕೆ ನೋಯದ ಟೋಲ್ಕಿನ್ ಹಲವು ಸಾಲುಗಳನ್ನು ತಿದ್ದಿದರು. ಮುಂದೆ ಉಂಗುರದ ಕಥೆ ಹಲವು ಬಾರಿ ನಡುವೆ ನಿಂತುಹೋದಾಗ ಮುಂದಿನ ಅಧ್ಯಾಯ ಎಲ್ಲಿ ಎಂದು ಬೆನ್ನುಹತ್ತಿದವರೂ ಲೂಯಿಸರೇ. ಅವರಿಂದ ಪಡೆದದ್ದು ಪ್ರಭಾವವಲ್ಲ, ಪ್ರೋತ್ಸಾಹ, ಅದಿಲ್ಲದಿದ್ದರೆ ಪುಸ್ತಕ ಮುಗಿಯುತ್ತಿರಲಿಲ್ಲ ಎಂದು ಟೋಲ್ಕಿನ್ ಮುಂದೆ ನೆನೆದಿದ್ದಾರೆ. ಈ ಮಾತನ್ನು ನಂಬಿ ಹಂಫ್ರಿ ಕಾರ್ಪೆಂಟರ್ ಬಳಗವನ್ನು ಕುರಿತ 1978ರ ತಮ್ಮ ಗ್ರಂಥದಲ್ಲಿ ಪರಸ್ಪರ ಪ್ರಭಾವವನ್ನು ಅಲ್ಲಗಳೆದರೆ, ಡಯಾನಾ ಗ್ಲಾಯರ್ 2007ರಲ್ಲಿ ಹಸ್ತಪ್ರತಿಗಳ ತಿದ್ದುಪಡಿಗಳನ್ನು ಮುಂದಿಟ್ಟು ಅದಕ್ಕೆ ವಿರುದ್ಧವಾದ ವಾದ ಹೂಡಿದರು. ಓದಿದವರೆಲ್ಲ ಬೇಡವೆಂದುದರಿಂದ ಟೋಲ್ಕಿನ್ ತಮ್ಮ ಕಾದಂಬರಿಯ ಉಪಸಂಹಾರವನ್ನೇ ಕೈಬಿಟ್ಟದ್ದನ್ನು ನೆನೆದರೆ ಗ್ಲಾಯರ್ ಅವರ ವಾದವೇ ಹೆಚ್ಚು ಸರಿಯೆನಿಸುತ್ತದೆ.

ಬಳಗದ ಕೊರತೆಗಳೂ ಚಿಕ್ಕವಲ್ಲ. ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಲೂಯಿಸರ ಸ್ನೇಹಿತೆಯೂ ಕ್ರೈಸ್ತ ಲೇಖಕಿಯೂ ಆಗಿದ್ದ ಡೊರೊತಿ ಸೇಯರ್ಸ್ ಕೂಡ ಹೊರಗೇ ಉಳಿದರು. ಟೋಲ್ಕಿನ್ನರ ವಾಚನವನ್ನು ಸಹಿಸದ ಡೈಸನ್ ಕೊನೆಕೊನೆಗೆ ತಾವಿರುವಾಗ ಅದು ನಡೆಯಲೇಬಾರದೆಂದು ಪಟ್ಟುಹಿಡಿದು ಗೆದ್ದರು. ಟೋಲ್ಕಿನ್ನರಿಗೂ ನಾರ್ನಿಯಾ ರುಚಿಸಲಿಲ್ಲ. ಆ ಸಮಯದಲ್ಲಿ ಲೂಯಿಸರಿಗೆ ಧೈರ್ಯ ಹೇಳಿ ಬರೆಸಿದವರು ಅವರ ಹಳೆಯ ವಿದ್ಯಾರ್ಥಿ ರೋಜರ್ ಲ್ಯಾನ್ಸಲಿನ್ ಗ್ರೀನ್. ಒಂದೇ ನಂಬಿಕೆಯವರು ಒಂದೇ ಕಡೆ ಸೇರಿದ ಮಾತ್ರಕ್ಕೆ ಎಲ್ಲರ ಬರಹವೂ ಎಲ್ಲರಿಗೂ ಹಿಡಿಸಬೇಕೆಂದೇನೂ ಇಲ್ಲ.

1949ರ ಅಕ್ಟೋಬರ್ ಕೊನೆಯ ಹೊತ್ತಿಗೆ ಗುರುವಾರದ ವಾಚನಗಳು ನಿಂತುಹೋದವು. ಟೋಲ್ಕಿನ್ನರ ಉಂಗುರದ ಕಥೆಯ ಪೂರ್ಣ ಟೈಪ್‌ಪ್ರತಿಯನ್ನು ಓದಿ ಮುಗಿಸಿ ಲೂಯಿಸ್ ಮೆಚ್ಚುಗೆಯ ಪತ್ರ ಬರೆದದ್ದೂ ಅದೇ ತಿಂಗಳಿನಲ್ಲಿ. ಮುಂದಿನ ವರ್ಷಗಳಲ್ಲಿ ಇಬ್ಬರ ಗೆಳೆತನ ಮೊದಲಿನಷ್ಟು ಗಾಢವಾಗಿ ಉಳಿಯಲಿಲ್ಲವಾದರೂ, 1961ರ ನೊಬೆಲ್ ಸಾಹಿತ್ಯ ಪ್ರಶಸ್ತಿಗೆ ಟೋಲ್ಕಿನ್ನರ ಹೆಸರನ್ನು ಸೂಚಿಸಿದವರು ಲೂಯಿಸರೇ. ಆ ವರ್ಷ ಪ್ರಶಸ್ತಿ ಯುಗೊಸ್ಲಾವಿಯಾದ ಇವೊ ಆಂಡ್ರಿಚ್ ಅವರಿಗೆ ಹೋಯಿತು.